ಶಿರಸಿಯಿಂದ ಕುಮಟಾ ಎಷ್ಟು ದೂರ?

ಬೇಸಿಗೆಯಲ್ಲಿ ಶಿರಸಿಯವರನ್ನು ಕೇಳಿದರೆ ಸುಮಾರು 60 ಕಿಲೋಮೀಟರ್ ಅನ್ನುತ್ತಾರೆ. ಮಳೆಗಾಲದಲ್ಲಿ ಕೇಳಿದರೆ, 'ಘಟ್ಟ ಓಪನ್ ಇದ್ಯಾ?' ಅಂತ ನಿಮ್ಮನ್ನೇ ತಿರುಗಿ ಕೇಳುತ್ತಾರೆ. ದೇವಿಮನೆ ಘಟ್ಟದಲ್ಲಿ ಧರೆ ಕುಸಿದರೆ ಸುತ್ತು ಹಾಕುವುದೊಂದೇ ದಾರಿ.

ದೊಡ್ಡ ನಗರಗಳಿಗೆ 20 ವರ್ಷ ಮುಂದಿನ ಸಾರಿಗೆ ಯೋಜನೆ ಮಾಡುವವರಿಗೂ ದೂರ ಅಂದರೆ ಬರೀ ಕಿಲೋಮೀಟರ್ ಅಲ್ಲ. 1950ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್, ಶಿಕಾಗೋ ನಗರಗಳಲ್ಲಿ ಬೆಳೆದ ಅವರ ಲೆಕ್ಕದಲ್ಲಿ ನಾಲ್ಕು ಪ್ರಶ್ನೆಗಳಿವೆ. ಎಷ್ಟು ಜನ ಹೊರಡುತ್ತಾರೆ? ಎಲ್ಲಿಗೆ? ಯಾವ ವಾಹನದಲ್ಲಿ? ಯಾವ ರಸ್ತೆಯಲ್ಲಿ?

'ಎಲ್ಲಿಗೆ' ಅನ್ನುವುದಕ್ಕೆ ನ್ಯೂಟನ್ನನ ಗುರುತ್ವದ ಸೂತ್ರವನ್ನೇ ಎರವಲು ತಂದಿದ್ದಾರೆ. ದೊಡ್ಡ ಊರು ಜಾಸ್ತಿ ಜನರನ್ನು ಸೆಳೆಯುತ್ತದೆ, ದೂರ ಹೆಚ್ಚಿದಂತೆ ಸೆಳೆತ ಕಡಿಮೆಯಾಗುತ್ತದೆ. ಹಿಡಿದ ಹೊತ್ತು, ಟಿಕೆಟ್ ದುಡ್ಡು, ಬಸ್‌ಸ್ಟ್ಯಾಂಡಿನಲ್ಲಿ ಕಾದದ್ದು ಎಲ್ಲ ಸೇರಿಯೇ ಆ ದೂರ. ಸೀಟಲ್ಲಿ ಕೂತ ಹತ್ತು ನಿಮಿಷಕ್ಕಿಂತ ನಿಂತು ಕಾದ ಹತ್ತು ನಿಮಿಷಕ್ಕೆ ತೂಕ ಹೆಚ್ಚು. ಎಷ್ಟೋ ಕಡೆ ಅದನ್ನು ಹೆಚ್ಚುಕಮ್ಮಿ ಎರಡು ಪಟ್ಟು ಹಿಡಿಯುತ್ತಾರೆ. ಕೊಡೆ ಹಿಡಿದು ಬಸ್ಸಿಗೆ ಕಾದವರಿಗೆ ಇದು ಹೊಸ ವಿಷಯವೇನಲ್ಲ, ಅಲ್ವಾ?

ಆದರೆ ರಸ್ತೆ ಬದಿಯ ಎಣಿಕೆಗೆ ಸಿಗುವುದು ಹೊರಟವರು ಮಾತ್ರ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುತ್ತಾರೆ. ನಮ್ಮ ಮನೆಯ ಅಜ್ಜಿಯ ತಪಾಸಣೆ ಒಂದೇ ಮಳೆಗಾಲದಲ್ಲಿ ಎರಡು ಸಲ ಮುಂದೆ ಹೋಯಿತು. 'ಮಳೆ ಬಿಡ್ಲಿ ಮಾರಾಯಾ, ಆಮೇಲೆ ನೋಡನ' ಅಂದುಬಿಟ್ಟರು. ಹೋಗದೇ ಉಳಿದ ಆ ಪ್ರಯಾಣ ಯಾವ ಲೆಕ್ಕಕ್ಕೂ ಬರಲಿಲ್ಲ. ಮನೆಮನೆಗೆ ಹೋಗಿ, 'ಎಲ್ಲಿಗೆ ಹೋಗಬೇಕಿತ್ತು, ಯಾಕೆ ಹೋಗಲಿಲ್ಲ?' ಅಂತ ಕೇಳಿದರೆ ಮಾತ್ರ ಅದು ಗೊತ್ತಾಗುತ್ತದೆ.

ಇನ್ನೊಂದು ತೊಂದರೆ, ಈ ಲೆಕ್ಕ ಸಾಮಾನ್ಯವಾಗಿ ಮಾಮೂಲಿ ದಿನದ್ದು. 2024ರ ಜುಲೈ 16 ಮಾಮೂಲಿ ದಿನವಾಗಿರಲಿಲ್ಲ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಜೀವಗಳು ಹೋದವು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ನದಿ, ನಡುವೆ ಇರುವುದೊಂದೇ ಹೆದ್ದಾರಿ. ಅದು ಹಲವು ದಿನ ಬಂದಾಯಿತು. ಮೂರೇ ವಾರಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ನಡುರಾತ್ರಿ ಮುರಿದುಬಿತ್ತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿ ತಂದರು. ಪಕ್ಕದಲ್ಲೇ ಹೊಸ ಸೇತುವೆ ಇತ್ತು. ಪರೀಕ್ಷೆ ಮಾಡಿ ಎರಡೂ ದಿಕ್ಕಿನ ವಾಹನಗಳನ್ನು ಅದರ ಮೇಲೇ ಬಿಟ್ಟರು. ಶಿರೂರಿನಲ್ಲಿ ಅಂಥ ಜೋಡಿ ರಸ್ತೆ ಇರಲಿಲ್ಲ.

ಒಂದು ರಸ್ತೆ ಬಂದಾದರೆ ಏನಾಗುತ್ತದೆ ಅನ್ನುವುದನ್ನು ಮೊದಲೇ ಕಂಪ್ಯೂಟರಿನಲ್ಲಿ ನೋಡಬಹುದು. ನಕ್ಷೆಯಿಂದ ದೇವಿಮನೆ ಅಳಿಸಿ ಲೆಕ್ಕ ಹಾಕಬೇಕು, ಆಮೇಲೆ ಯಲ್ಲಾಪುರ–ಅಂಕೋಲಾ ದಾರಿಯ ಅರಬೈಲು ಘಟ್ಟ, ಆಮೇಲೆ ಒಂದೊಂದೇ ಸೇತುವೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಬಸ್ಸು ಓಡುವ ಒಳರಸ್ತೆಯೊಂದು ಜುಲೈಯಲ್ಲಿ ಇಡೀ ತಾಲ್ಲೂಕಿಗೆ ಆಸ್ಪತ್ರೆಯ ದಾರಿಯಾಗಬಹುದು. ಆ ರಸ್ತೆಯ ಮೋರಿ ದುರಸ್ತಿಗೆ ದುಡ್ಡು ಕೇಳುವಾಗ ಬೇಸಿಗೆಯ ಎಣಿಕೆಯ ಜೊತೆ ಈ ಲೆಕ್ಕವನ್ನೂ ಮುಂದಿಡಬೇಕು.