ಫೋನಿನಲ್ಲಿ ಸಿಗದ ಡಕೋಟಾ ಸದ್ದು

ಡಿಸೆಂಬರ್ 16, ವಿಜಯ ದಿವಸ. ಹಾಸನದ ಒಂದು ಸಮುದಾಯ ಭವನದಲ್ಲಿ ಮಾಜಿ ಸೈನಿಕರು ಸೇರಿದ್ದರು. 1971ರ ಯುದ್ಧ ಕಂಡವರು ಅಲ್ಲಿ ಕೆಲವೇ ಜನ, ಎಲ್ಲರಿಗೂ ಎಪ್ಪತ್ತು ದಾಟಿದೆ. ನಮ್ಮ ಬೀದಿಯ ತಾತನೂ ಅವರಲ್ಲೊಬ್ಬರು. ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು, ಸೈನಿಕರನ್ನು ಸಾಗಿಸುತ್ತಿದ್ದ ಹಳೇ ಡಕೋಟಾ ವಿಮಾನ ಅಂದರೆ ಅವರಿಗೆ ಜೀವ. ತಿಂಡಿ ಆದ ಮೇಲೆ ನಾನು ಫೋನ್ ತೆಗೆದು ಡಕೋಟಾ ಹಾರುವ ವಿಡಿಯೊ ತೋರಿಸಿದೆ. ಕಣ್ಣು ಕಿರಿದು ಮಾಡಿಕೊಂಡು ನೋಡಿದರು.

"ವಿಮಾನ ಅದೇ ಕಣಪ್ಪ. ಸದ್ದು ಅದಲ್ಲ."

ವಯಸ್ಸಾಯ್ತು, ಕಿವಿ ಮಂದ ಆಗಿರಬೇಕು ಅಂದುಕೊಂಡೆ. ಮನೆಯಲ್ಲಿ ಕೂತು ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು, ತಾತ ಹೇಳಿದ್ದೇ ಸರಿ.

ವಿಡಿಯೊದಲ್ಲಿದ್ದದ್ದು 2018ರಲ್ಲಿ ವಾಯುಪಡೆ ಸೇರಿದ 'ಪರಶುರಾಮ'. ಅದನ್ನು ಕೊಡುಗೆಯಾಗಿ ಕೊಟ್ಟವರು ಆಗ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್. ಅವರ ತಂದೆ ಡಕೋಟಾ ಪೈಲಟ್ ಆಗಿದ್ದವರು. ವಿಮಾನ ಬ್ರಿಟನ್ನಿನಿಂದ ಹಾರಿಕೊಂಡೇ ಬಂತು. ಬಾಲದ ಮೇಲಿನ ನಂಬರ್ ವಿಪಿ 905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಯೋಧರನ್ನು ಶ್ರೀನಗರಕ್ಕೆ ಹೊತ್ತೊಯ್ದ ಡಕೋಟಾದ ನೆನಪಿಗೆ ಆ ನಂಬರ್. 1971ರ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ ಪ್ಯಾರಾಚೂಟ್ ಸೈನಿಕರನ್ನು ಇಳಿಸಿದ ವಿಮಾನಗಳಲ್ಲೂ ಡಕೋಟಾಗಳಿದ್ದವು. ಆ ಗೆಲುವಿಗೆ ಐವತ್ತು ತುಂಬುವ ವರ್ಷ, 2021ರ ಗಣರಾಜ್ಯೋತ್ಸವದಲ್ಲಿ, ಪರಶುರಾಮ ದೆಹಲಿಯ ಮೇಲೆ ಹಾರಿತು.

ಈಗ ಸದ್ದಿನ ವಿಷಯಕ್ಕೆ ಬರೋಣ. ಡಕೋಟಾಗೆ ಎರಡು ಎಂಜಿನ್. ಒಂದೊಂದರಲ್ಲೂ 14 ಸಿಲಿಂಡರ್, 1,200 ಅಶ್ವಶಕ್ತಿ. ಆರಾಮಾಗಿ ಹಾರುವಾಗ ಎಂಜಿನ್ ನಿಮಿಷಕ್ಕೆ 2,050 ಸುತ್ತು ತಿರುಗುತ್ತಿದೆ ಅಂತ ಇಟ್ಟುಕೊಳ್ಳಿ. ಮಧ್ಯೆ ಗೇರ್ ಇರುವುದರಿಂದ ಫ್ಯಾನಿನಂಥ ಪ್ರೊಪೆಲರ್ ತಿರುಗುವುದು ಸುಮಾರು 1,150 ಸುತ್ತು ಮಾತ್ರ. ಅದಕ್ಕೆ ಮೂರು ರೆಕ್ಕೆ. ಒಂದೊಂದು ರೆಕ್ಕೆಯೂ ಗಾಳಿಗೆ ಒಂದು ಪೆಟ್ಟು ಕೊಡುತ್ತದೆ. ಹಾಗಾಗಿ ಸೆಕೆಂಡಿಗೆ ಸುಮಾರು 58 ಪೆಟ್ಟು. ಗಂಡಸಿನ ಮಾತಿನ ದನಿ ಸೆಕೆಂಡಿಗೆ ನೂರರ ಆಸುಪಾಸಿನ ಕಂಪನ. ಅಂದರೆ ಡಕೋಟಾದ ಗುಂಯ್ ಅದಕ್ಕಿಂತಲೂ ತಗ್ಗಿನ ಶ್ರುತಿ.

ಇಷ್ಟು ತಗ್ಗಿನ ಸದ್ದು ಎಬ್ಬಿಸಬೇಕಾದರೆ ತುಂಬಾ ಗಾಳಿಯನ್ನು ತಳ್ಳಬೇಕು. ಫೋನಿನ ಉಗುರಗಲದ ಸ್ಪೀಕರ್‌ಗೆ ಅದು ಆಗದ ಕೆಲಸ. ಎಂಜಿನ್ನಿನ ಕರಕರ ಬರುತ್ತದೆ, ಅಡಿಪಾಯದಂಥ ಆ ಗುಂಯ್ ಬರುವುದಿಲ್ಲ. ನಲವತ್ತು ವರ್ಷದ ಮೇಲೂ ತಾತನ ಕಿವಿ ಅದನ್ನೇ ಹುಡುಕುತ್ತಿತ್ತು.

ಬಯಲಲ್ಲಿ ನಿಂತವರಿಗೆ ಮೊದಲು ಮುಟ್ಟುವುದೂ ಇದೇ. ಕೀರಲು ಸದ್ದನ್ನು ಗಾಳಿ ದಾರಿಯಲ್ಲೇ ಹೀರಿಕೊಳ್ಳುತ್ತದೆ, ತಗ್ಗಿನ ಸದ್ದನ್ನು ಅಷ್ಟಾಗಿ ಹೀರುವುದಿಲ್ಲ. ಪಕ್ಕದೂರಿನ ಜಾತ್ರೆಯಲ್ಲಿ ಮೈಕಿನ ಹಾಡು ಕೇಳಿಸದೆ ಡೊಳ್ಳಿನ ಗುಮ್ಮು ಮಾತ್ರ ಬರುತ್ತದಲ್ವಾ, ಹಾಗೆ. ವಿಮಾನ ಕಣ್ಣಿಗೆ ಬೀಳುವ ಮುಂಚೆಯೇ ಎದೆಗೆ ಗೊತ್ತಾಗಿರುತ್ತದೆ. ಹಳೇ ವಿಮಾನವನ್ನು ಮ್ಯೂಸಿಯಂನಲ್ಲಿ ಸುಮ್ನೆ ನಿಲ್ಲಿಸಿದರೆ ಸಾಲದು, ಹಾರಿಸಲೇಬೇಕು ಅಂತ ನಾನು ಹೇಳುವುದು ಇದಕ್ಕೇ. ಬೆಂಗಳೂರಿನ ಯಲಹಂಕ ವಾಯುನೆಲೆಗೆ ಪರಶುರಾಮ ಬಂದಾಗ ನಮ್ಮ ಜಿಲ್ಲೆಯ ಹಿರಿಯರನ್ನು ಒಂದು ಬಸ್ಸಿನಲ್ಲಿ ಕರೆದುಕೊಂಡು ಹೋಗಬೇಕು. ಕಾಯುತ್ತಾ ಕೂರುವ ವಯಸ್ಸಲ್ಲ ಅವರದು.

ಮುಂದಿನ ಕೂಟಕ್ಕೆ ನಾನು ಸಿದ್ಧವಾಗಿ ಹೋದೆ. ಮೈಕಿನ ಹುಡುಗನನ್ನು ಕೇಳಿ, ಮದುವೆಗೆ ಹಾಕುವ ದೊಡ್ಡ ಬೇಸ್ ಬಾಕ್ಸಿಗೆ ಫೋನ್ ಜೋಡಿಸಿದೆ. ವಿಡಿಯೊ ಶುರುವಾಯಿತು. ತಾತನ ಮುಂದಿದ್ದ ಸ್ಟೀಲ್ ಲೋಟದ ಕಾಫಿಯ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದವು. ಅವರು ಕಣ್ಣು ಮುಚ್ಚಿದರು. ಸದ್ದು ಒಂದೇ ಸಮನೆ ಇರಲಿಲ್ಲ, ಊಂ... ಊಂ... ಅಂತ ಏರಿ ಇಳಿಯುತ್ತಿತ್ತು. ತಾತನ ಬೆರಳು ಮೇಜಿನ ಮೇಲೆ ಆ ಏರಿಳಿತವನ್ನೇ ಎಣಿಸುತ್ತಿತ್ತು.

"ಎರಡು ಎಂಜಿನ್ನೂ ಹೊಂದಿಲ್ಲ. ಇಪ್ಪತ್ತು ಸುತ್ತಿನ ವ್ಯತ್ಯಾಸ ಇದೆ."

ಒಂದು ಎಂಜಿನ್ 2,050, ಇನ್ನೊಂದು 2,030 ತಿರುಗಿದರೆ ಎರಡರ ಸದ್ದೂ ಒಮ್ಮೆ ಕೂಡುತ್ತದೆ, ಒಮ್ಮೆ ಕಳೆಯುತ್ತದೆ. ಶ್ರುತಿ ಸೇರದ ಎರಡು ತಂಬೂರಿ ತಂತಿಗಳ ಹಾಗೆ. ಲೆಕ್ಕದ ಪ್ರಕಾರ ಸುಮಾರು ಎರಡು ಸೆಕೆಂಡಿಗೊಂದು ಏರಿಳಿತ. ಗಡಿಯಾರ ನೋಡಿದೆ. ಹತ್ತು ಸೆಕೆಂಡಿಗೆ ಐದು ಆಗಿತ್ತು.

"ಪೈಲಟ್‌ಗೆ ಹೇಳ್ಬೇಕಿತ್ತು, ಲಿವರ್ ಚೂರು ಎಳ್ಕೊ ಅಂತ," ಅಂದರು ತಾತ, ಕಣ್ಣು ತೆರೆಯದೆ. "ಇನ್ನೊಂದ್ಸಲ ಹಾಕು."