ಟೋನಿಯಲ್ಲಿ ವಸ್ತ್ರವಿನ್ಯಾಸಕ್ಕೆ ಎರಡು ಪ್ರಶಸ್ತಿ ಯಾಕೆ?

ಪ್ರಶ್ನೆ: ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳಿಗೆ ಪ್ರತಿ ವರ್ಷ ಕೊಡುವ ಟೋನಿಯಲ್ಲಿ ಮಾತಿನ ನಾಟಕಕ್ಕೊಂದು, ಮ್ಯೂಸಿಕಲ್‌ಗೊಂದು ವಸ್ತ್ರವಿನ್ಯಾಸ ಪ್ರಶಸ್ತಿ ಇದೆ. ಕೆಲಸ ಒಂದೇ ತಾನೆ?

ಉತ್ತರ: ಸೂಜಿ, ದಾರ, ಕತ್ತರಿ ಒಂದೇ. ಉಡುಪು ಹೊರಬೇಕಾದ ಹೊರೆ ಮಾತ್ರ ಬೇರೆ ಬೇರೆ.

ಟೋನಿ ಶುರುವಾದ 1947ರಲ್ಲೇ ವಸ್ತ್ರವಿನ್ಯಾಸಕ್ಕೂ ಗೌರವ ಸಿಕ್ಕಿತ್ತು. ಲುಸಿಂಡಾ ಬಲ್ಲಾರ್ಡ್ ಅದನ್ನು ಪಡೆದದ್ದು ಒಂದು ನಾಟಕಕ್ಕಲ್ಲ, ಆ ಸಾಲಿನ ಹಲವು ನಾಟಕಗಳ ಕೆಲಸಕ್ಕೆ. 1961ರಲ್ಲಿ ಪ್ರಶಸ್ತಿಯನ್ನು ಎರಡಾಗಿ ಒಡೆದು, ಮರುವರ್ಷವೇ ಮತ್ತೆ ಒಂದಾಗಿಸಿದರು. ಈಗಿರುವ ವಿಂಗಡಣೆ 2005ರದ್ದು. ಅದಕ್ಕೂ ಮುಂಚಿನ ನಾಲ್ಕು ವರ್ಷ ಗೆದ್ದವು ‘ದಿ ಪ್ರೊಡ್ಯೂಸರ್ಸ್’, ‘ಥರೋಲಿ ಮಾಡರ್ನ್ ಮಿಲಿ’, ‘ಹೇರ್‌ಸ್ಪ್ರೇ’, ‘ವಿಕೆಡ್’. ನಾಲ್ಕೂ ಮ್ಯೂಸಿಕಲ್‌ಗಳೇ. ಮತ ಹಾಕುವ 800ಕ್ಕೂ ಹೆಚ್ಚು ಮಂದಿಯಲ್ಲಿ ನಿರ್ಮಾಪಕರು, ನಟರು, ನಿರ್ದೇಶಕರು ಎಲ್ಲರೂ ಇರುತ್ತಾರೆ. ಹೊಲಿಗೆ ಬಲ್ಲವರು ಕಡಿಮೆ. ಮಿನುಗುವ ಐವತ್ತು ಉಡುಪುಗಳ ಪಕ್ಕದಲ್ಲಿ ಹಳೇ ಸ್ವೆಟರ್ ಒಂದು ಯಾರ ಕಣ್ಣಿಗೆ ಬಿದ್ದೀತು?

ಮ್ಯೂಸಿಕಲ್‌ಗೆ ಗೆಲುವು ಪುಕ್ಕಟೆ ಸಿಗುತ್ತದೆ ಎಂದಲ್ಲ. ವಾರಕ್ಕೆ 8 ಪ್ರದರ್ಶನ, ಪ್ರತಿಯೊಂದರಲ್ಲೂ ಕುಣಿತ. ಕಂಕುಳಲ್ಲಿ ವಜ್ರಾಕಾರದ ತುಂಡೊಂದನ್ನು ಸೇರಿಸದೆ ಹೊಲಿದರೆ, ನಟ ತೋಳೆತ್ತಿದಾಗ ಕೋಟೂ ಜೊತೆಗೇ ಮೇಲೇಳುತ್ತದೆ, ಇಲ್ಲವೇ ಹೊಲಿಗೆ ಬಿಡುತ್ತದೆ. ಮೈಕಿನ ಟ್ರಾನ್ಸ್‌ಮಿಟರನ್ನು ಸೊಂಟದ ಹಿಂದೆಯೋ ವಿಗ್ಗಿನ ಕೆಳಗೋ ಅಡಗಿಸಬೇಕು. ಬೆವರು ಅದಕ್ಕೆ ಇಳಿದರೆ ಹಾಡಿನ ನಡುವೆಯೇ ಧ್ವನಿ ಕೈಕೊಡುತ್ತದೆ.

ಅರ್ಧ ನಿಮಿಷದೊಳಗೆ ವೇಷ ಬದಲಿಸುವ ಜಾಗದಲ್ಲಂತೂ ಕಣ್ಣಿಗೆ ಕಾಣುವುದೊಂದು, ಇರುವುದು ಇನ್ನೊಂದು. ಶರ್ಟಿನ ಗುಂಡಿಗಳು ಬರೀ ಅಲಂಕಾರಕ್ಕೆ. ಅವುಗಳ ಹಿಂದೆ ಟಿಚ್ ಬಟನ್ ಇರುತ್ತದೆ. ಶೂ ಲೇಸಿನ ಬದಲು ಎಲಾಸ್ಟಿಕ್. ಜಿಪ್ ದಪ್ಪ ಹಲ್ಲಿನದೇ ಆಗಬೇಕು, ತುದಿಗೆ ಒಂದು ಹುಕ್ಕು ಬೇಕೇ ಬೇಕು. ಜಿಪ್ ಬಾಯಿಬಿಟ್ಟರೂ ಉಡುಪು ಜಾರಿಬೀಳದಿರುವುದು ಆ ಹುಕ್ಕಿನಿಂದ. ಹೊಸಬರು ಮೊದಲು ಕೈಹಾಕುವುದು ವೆಲ್ಕ್ರೋಗೆ. ಅದರ ಪರಪರ ಸದ್ದು ಮೌನದ ದೃಶ್ಯದಲ್ಲಿ ಪ್ರೇಕ್ಷಕರವರೆಗೂ ಕೇಳುತ್ತದೆ, ನೂಲಿನ ಜುಂಗು ತುಂಬಿಕೊಂಡ ಮೇಲೆ ಹಿಡಿತವೂ ಹೋಗುತ್ತದೆ. ಒಗೆಯಲಾಗದ ಕೋಟುಗಳ ಒಳಮೈಗೆ ವೋಡ್ಕಾಕ್ಕೆ ನೀರು ಬೆರೆಸಿ ಸಿಂಪಡಿಸುತ್ತಾರೆ. ವಾಸನೆ ಹೋಗುತ್ತದೆ, ಕಲೆ ಉಳಿಯುವುದಿಲ್ಲ. (ಅಗ್ಗದ ವೋಡ್ಕಾ ಸಾಕು.)

ಮಾತಿನ ನಾಟಕದಲ್ಲಿ ತೊಂದರೆ ಇದಕ್ಕೆ ತಿರುವುಮುರುವು. ಅಲ್ಲಿ ಬಟ್ಟೆ ಬಟ್ಟೆಯಾಗಿಯೇ ಕಾಣಬೇಕು, ವೇಷವಾಗಿ ಅಲ್ಲ. ಅಂಗಡಿಯಿಂದ ತಂದ ಶರ್ಟು ರಂಗದ ಬೆಳಕಿಗೆ ಬಂದರೆ ಅಂಗಡಿಯ ಶರ್ಟೇ. ಹಾಗಾಗಿ ಕಾಲರಿನ ಮಡಿಕೆ, ತೋಳಿನ ತುದಿ, ಜೇಬಿನ ಅಂಚನ್ನು ಮರಳು ಕಾಗದದಿಂದ ಉಜ್ಜುತ್ತಾರೆ. ಉಜ್ಜುವುದು ನಿಜವಾಗಿ ಸವೆಯುವ ಕಡೆ ಮಾತ್ರ. ಎಲ್ಲೆಡೆ ಒಂದೇ ಸಮ ಉಜ್ಜಿದರೆ ಹಳೆಯದಾಗಿ ಕಾಣುವುದಿಲ್ಲ, ಹಾಳಾದಂತೆ ಕಾಣುತ್ತದೆ. ಬಿಳಿ ಬಟ್ಟೆಯನ್ನು ಚಹಾದ ಬಣ್ಣದಲ್ಲಿ ತುಸು ಅದ್ದಿ ತೆಗೆಯುತ್ತಾರೆ, ಏಕೆಂದರೆ ಅಪ್ಪಟ ಬಿಳಿ ದೀಪದಡಿ ಹೊಳೆದು ನಟನ ಮುಖವನ್ನೇ ಮಂಕಾಗಿಸುತ್ತದೆ. ಬಣ್ಣ ಗಟ್ಟಿ ಹಿಡಿಯದಿದ್ದರೆ ಪ್ರತಿ ಒಗೆತಕ್ಕೂ ಆ ‘ಹಳತು’ ತೊಳೆದುಹೋಗಿ, ಕೆಲಸ ಮತ್ತೆ ಮೊದಲಿನಿಂದ.

ಎರಡೂ ಕಡೆ ಕೈ ಪಳಗಿದವರಿಲ್ಲದಿಲ್ಲ. ಕ್ಯಾಥರೀನ್ ಝೂಬರ್ ಅವರ 8 ಟೋನಿಗಳಲ್ಲಿ 5 ಮ್ಯೂಸಿಕಲ್‌ಗೆ, 3 ಮಾತಿನ ನಾಟಕಕ್ಕೆ ಬಂದವು. ಹೊಸ ನಾಟಕ, ಮರುಪ್ರಯೋಗ ಎಂಬ ಭೇದ ಈ ವಿಭಾಗಗಳಲ್ಲಿ ಇಲ್ಲ. ಆದರೆ ರಂಗಮಂದಿರ ಮ್ಯಾನ್‌ಹಟನ್ನಿನ ಬ್ರಾಡ್‌ವೇ ಮಂದಿರಗಳ ಪೈಕಿಯದೇ ಆಗಿರಬೇಕು, ಅದರಲ್ಲಿ ಕನಿಷ್ಠ 500 ಆಸನ ಇರಬೇಕು. ಚಿಕ್ಕ ಮಂದಿರದ ಕೆಲಸ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ.

ವಿಂಗಡಣೆಯಿಂದ ಲಾಭವಾಯಿತೇ? ಆಯಿತು ಎಂದೇ ನಮ್ಮ ಅಭಿಪ್ರಾಯ. 2024ರಲ್ಲಿ ಡೀಡೀ ಆಯಿಟೆ ಅವರ ಹೆಸರು ಮೂರು ಕೆಲಸಗಳಿಗೆ ಪಟ್ಟಿಯಲ್ಲಿತ್ತು: ಮಾತಿನ ನಾಟಕ ಎರಡು, ಮ್ಯೂಸಿಕಲ್ ಒಂದು. ಮ್ಯೂಸಿಕಲ್ ವಿಭಾಗ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಪಾಲಾಯಿತು. ಆಯಿಟೆ ಗೆದ್ದದ್ದು ‘ಜಾಜಾಸ್ ಆಫ್ರಿಕನ್ ಹೇರ್ ಬ್ರೇಡಿಂಗ್’ ನಾಟಕಕ್ಕೆ. ಅದು ಹಾರ್ಲೆಮ್‌ನ ಸಲೂನೊಂದರಲ್ಲಿ 2019ರ ಬೇಸಿಗೆಯ ಒಂದು ದಿನ ನಡೆಯುವ ಕಥೆ. ಪಾತ್ರಗಳು ತೊಡುವುದು ಅಂದು ಆ ಬೀದಿಯಲ್ಲಿ ಜನ ತೊಡುತ್ತಿದ್ದ ಬಟ್ಟೆಗಳನ್ನೇ.