ಹೊಂಡದ ದಂಡೆಗೆ ಕರೆಂಟ್ ಬೇಡ, ಗಾಳಿ ಕಳಿಸಿ

ಕೋಲಾರದ ಕಡೆ ಬೋರ್ ನೀರನ್ನು ಕೃಷಿ ಹೊಂಡಕ್ಕೆ ತುಂಬಿ, ಅಲ್ಲಿಂದ ಟೊಮ್ಯಾಟೊಗೆ ಡ್ರಿಪ್ ಬಿಡೋದು ಮಾಮೂಲಿ. ಜೊತೆಗೆ ಒಂದಿಷ್ಟು ಕಾಟ್ಲಾ, ರೋಹು ಮರಿಗಳನ್ನೂ ಬಿಟ್ಟಿರುತ್ತಾರೆ. ಬೇಸಿಗೆ ಬಂದರೆ ನೀರು ಹಸಿರಾಗುತ್ತದೆ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ, ಆಗ ನನಗೆ ಫೋನ್ ಬರುತ್ತದೆ. ಹಗಲು ಬಿಸಿಲಿಗೆ ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಎಳೆದುಕೊಳ್ಳುತ್ತದೆ. ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಚಿಂತೆಯಿಲ್ಲ, 3ಕ್ಕಿಂತ ಇಳಿದರೆ ಮೀನಿಗೆ ಕಷ್ಟ.

ಹಾಗಾಗಿ ನೀರಿಗೆ ಗಾಳಿಯ ಗುಳ್ಳೆ ಬಿಡಬೇಕಿರುವುದು ರಾತ್ರಿ. ರಾತ್ರಿ ಹೊತ್ತು ಒದ್ದೆ ದಂಡೆಯ ಮೇಲೆ ಮೋಟಾರು, ಕೇಬಲ್ ಇಡೋದು ನನಗೆ ಇಷ್ಟವಿಲ್ಲ. ಶಾಕ್ ಭಯ ಒಂದು ಕಡೆ, ಕೇಬಲ್ ಕಳ್ಳರು ಇನ್ನೊಂದು ಕಡೆ. ಗಾಳಿ ಊದುವ ಮಷಿನ್ ಮನೆ ಹತ್ತಿರ ಶೆಡ್ಡಿನಲ್ಲಿರಲಿ, ಮಣ್ಣಿನೊಳಗೆ ಪೈಪ್ ಹಾಕಿ ಗಾಳಿಯನ್ನಷ್ಟೇ ಕಳಿಸಿ. ಪಂಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಬೇಡ. ಅದರಲ್ಲಿ ಒತ್ತಡ ಜಾಸ್ತಿ, ಗಾಳಿ ಕಡಿಮೆ, ಎಣ್ಣೆಯೂ ಬರುತ್ತದೆ, ರಾತ್ರಿಯಿಡೀ ಓಡಿಸಿದರೆ ಸುಟ್ಟೇ ಹೋಗುತ್ತದೆ. ಎಣ್ಣೆ ಇಲ್ಲದ, ಬಿಡದೆ ಓಡುವ ಪಿಸ್ಟನ್ ಪಂಪ್ ಕೇಳಿ ತಗೊಳ್ಳಿ.

ಹತ್ತು ಅಡಿ ಆಳದ ನೀರನ್ನು ತಳ್ಳಿ ಗುಳ್ಳೆ ಬರಬೇಕಾದರೆ 4.3 ಪಿಎಸ್‌ಐ (ಟೈರಿಗೆ ಗಾಳಿ ಅಳೆಯುವ ಅದೇ ಲೆಕ್ಕ) ಒತ್ತಡ ಬೇಕು. ನೀರಿನ ತಳದಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಡಿಸ್ಕಿಗೆ ಇನ್ನೊಂದು ಸ್ವಲ್ಪ. ಮಿಕ್ಕಿದ್ದೆಲ್ಲ ಪೈಪ್ ತಿನ್ನುತ್ತದೆ. ಮನೆಯಲ್ಲಿ ಉಳಿದಿದೆ ಅಂತ 16 ಎಂಎಂ ಡ್ರಿಪ್ ಲ್ಯಾಟರಲ್ಲನ್ನೇ (ಸಾಲಿಗೆ ಎಳೆಯುವ ಸಣ್ಣ ಪೈಪು) ಹೂತು ಬಿಡುವವರಿದ್ದಾರೆ. ನಿಮಿಷಕ್ಕೆ 100 ಲೀಟರ್ ಗಾಳಿ 100 ಮೀಟರ್ ಹೋಗುವಷ್ಟರಲ್ಲಿ ಅದರಲ್ಲಿ ಎರಡೂವರೆ ಪಿಎಸ್‌ಐನಷ್ಟು ಹಾಳು. 25 ಎಂಎಂ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಾದರೆ ಅರ್ಧ ಪಿಎಸ್‌ಐ ಕೂಡ ಹೋಗುವುದಿಲ್ಲ. ಸುರುಳಿಯಲ್ಲೇ ಬರುವುದರಿಂದ ಮಣ್ಣಿನೊಳಗೆ ಆದಷ್ಟು ಕಡಿಮೆ ಜಾಯಿಂಟ್ ಹಾಕಿ ಎಳೆಯಬಹುದು. ಪಂಪಿನಿಂದ ಬರುವ ಗಾಳಿ ಬಿಸಿ ಇರುತ್ತದೆ, ಆದ್ದರಿಂದ ಮೊದಲ ಕೆಲವು ಅಡಿ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಇರಲಿ.

ಗುಂಡಿ ಒಂದೂವರೆ ಅಡಿ ಆಳ ಸಾಕು, ರೋಟಾವೇಟರ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಟ್ರ್ಯಾಕ್ಟರ್ ದಾಟುವ ಕಡೆ ಎರಡು ಇಂಚಿನ ಪೈಪಿನೊಳಗೆ ತೂರಿಸಿ. ನಮ್ಮ ಕೆಂಪು ಮಣ್ಣಿನಲ್ಲಿ ಕಲ್ಲು ಜಾಸ್ತಿ, ಪೈಪಿನ ಕೆಳಗೂ ಮೇಲೂ ಸಣ್ಣ ಮಣ್ಣು ಹಾಕಿ. ಮುಚ್ಚುವ ಮೊದಲು ಗಾಳಿ ಬಿಟ್ಟು ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿ.

ಎಲ್ಲರೂ ಮರೆಯುವುದು ಪೈಪಿನ ಇಳಿಜಾರು. ಬಿಸಿ ಗಾಳಿ ತಣ್ಣನೆ ಮಣ್ಣಿನೊಳಗೆ ಹೋದಾಗ ಪೈಪಿನೊಳಗೇ ಬೆವರುತ್ತದೆ, ಆ ನೀರು ತಗ್ಗಿನಲ್ಲಿ ನಿಲ್ಲುತ್ತದೆ, ಗಾಳಿ ಗುಟುಕು ಗುಟುಕಾಗಿ ಬರುತ್ತದೆ, ಜನ ಮಷಿನ್ ಬೈಯುತ್ತಾರೆ! ಶೆಡ್ಡಿನಿಂದ ಹೊಂಡದ ಕಡೆಗೆ ಪೈಪ್ ಒಂದೇ ಸಮ ಇಳಿಯಬೇಕು. ಆದರೆ ನಮ್ಮ ಹೊಂಡಗಳಿಗೆ ಎತ್ತರದ ದಂಡೆ ಇರುತ್ತದಲ್ವಾ, ಕೊನೆಯಲ್ಲಿ ಹತ್ತಲೇಬೇಕು. ಹಾಗಾಗಿ ದಂಡೆಯ ಬುಡದಲ್ಲಿ, ಪೈಪಿನ ತೀರಾ ತಗ್ಗಿನ ಜಾಗದಲ್ಲಿ, ಒಂದು ಟೀ ಹಾಕಿ ಸಣ್ಣ ವಾಲ್ವ್ ಕೂರಿಸಿ. ಪಂಪ್ ಓಡುತ್ತಿರುವಾಗ ಆಗಾಗ ತಿರುಗಿಸಿದರೆ ನೀರೆಲ್ಲ ಪುಸ್ ಅಂತ ಹೊರಗೆ.

ದಂಡೆಗೆ ತೂತು ಕೊರೆದು ಪೈಪ್ ತರಬೇಡಿ. ನೀರು ಇಂಗದಂತೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಶೀಟೂ ಹಾಳು, ಕರೆಂಟ್ ಹೋದಾಗ ನೀರು ಮಷಿನ್ ಕಡೆಗೆ ನುಗ್ಗುವ ದಾರಿಯೂ ಅದೇ. ಮೇಲಿಂದ ಹತ್ತಿಸಿ ಇಳಿಸಿ, ಪಂಪಿನ ಹತ್ತಿರ ಒಂದು ಎನ್‌ಆರ್‌ವಿ (ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಇರಲಿ. ಒಳಗೆ ಡಿಸ್ಕನ್ನು ಇಟ್ಟಿಗೆ ಕಟ್ಟಿ ಮುಳುಗಿಸುವ ಅಭ್ಯಾಸವಿದೆ, ಇಟ್ಟಿಗೆಯ ಮೂಲೆ ತಾಗಿ ಶೀಟು ಹರಿಯುತ್ತದೆ. ಮರಳು ತುಂಬಿದ ಚೀಲ ಸಾಕು. ಡಿಸ್ಕ್ ತಳದಿಂದ ಒಂದು ಅಡಿ ಮೇಲಿದ್ದರೆ ಕೆಸರು ಏಳುವುದಿಲ್ಲ.

ಹಳೇ ಹೊಂಡವಾದರೆ ಮೊದಲ ದಿನವೇ ರಾತ್ರಿಯಿಡೀ ಓಡಿಸಬೇಡಿ. ತಳದಲ್ಲಿ ಆಮ್ಲಜನಕವಿಲ್ಲದ ಕೊಳೆತ ನೀರಿರುತ್ತದೆ, ಅದು ಒಮ್ಮೆಲೇ ಮೇಲೆದ್ದರೆ ಉಳಿದ ಮೀನೂ ಸಾಯುತ್ತವೆ. ಮೊದಲು ಅರ್ಧ ಗಂಟೆ, ಮರುದಿನ ಒಂದು ಗಂಟೆ, ಹೀಗೆ ಏರಿಸುತ್ತಾ ಹೋಗಿ.

ಪಂಪಿನ ಹತ್ತಿರ ಒಂದು ಪ್ರೆಷರ್ ಮೀಟರ್ ಕೂರಿಸಿ, ಹೊಂಡ ತುಂಬಿದಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಗೋಡೆ ಮೇಲೆ ಬರೆದಿಡಿ. ಅದಕ್ಕಿಂತ ಮೇಲೆ ಹೋದರೆ ಡಿಸ್ಕ್ ಕಟ್ಟಿಕೊಂಡಿದೆ ಅಥವಾ ಪೈಪಿನಲ್ಲಿ ನೀರು ನಿಂತಿದೆ. ಹೊಂಡದಲ್ಲಿ ನೀರು ಕಡಿಮೆಯಾಗದೇ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ, ಹೆಗ್ಗಣ ಕಡಿದಿರಲೂಬಹುದು.